ಕೆಂಪು ರಕ್ತಕಣದ ಆಯಸ್ಸು

ಮನುಷ್ಯನ ಒಳಗನ್ನು ಅರಿಯಲು ಒಂದು ಜನ್ಮ ಸಾಲದು ಎನ್ನುತ್ತಾರೆ. ಹುಣಸೂರಿನ ನಮ್ಮ ಲ್ಯಾಬಿನಲ್ಲಿ ಎರಡು ಎಂ.ಎಲ್. ರಕ್ತ, ಅರ್ಧ ಗಂಟೆ ಸಾಕು.

ನಮ್ಮ ವಿಜ್ಞಾನದ ಮೇಷ್ಟ್ರ ತೋರುಬೆರಳು ತುದಿಯಲ್ಲಿ ಕೊಕ್ಕೆಯಂತೆ ಬಾಗಿತ್ತು. ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಜಠರ, ಯಕೃತ್ತು, ಮೇದೋಜೀರಕಗಳನ್ನೆಲ್ಲ ಆ ಬೆರಳಿನಿಂದ ನಮ್ಮ ಹೊಟ್ಟೆಗೇ ತಿವಿದು ಕಲಿಸಿದರು. ಚಯಾಪಚಯವೆಂದರೆ ಏನೆಂದು ಕೇಳಿದರೆ, "ತಿಂದಿದ್ದು ನೀವು ಮರೀಬೌದು, ಮೈ ಮರೆಯಕಿಲ್ಲ ಕಣ್ರಲಾ" ಎನ್ನುತ್ತಿದ್ದರು.

ಒಂದು ದಿನ ನನ್ನನ್ನು ಎಬ್ಬಿಸಿದರು. "ಕೆಂಪು ರಕ್ತಕಣದ ಆಯಸ್ಸೆಷ್ಟ್ಲಾ?"

"ಅದ್ಕೂ ವಯಸ್ಸಾಯ್ತದಾ ಸಾ?"

ಕರುಳಿನ ಪಟವನ್ನು ನನ್ನ ಕೊರಳಿಗೆ ನೇತುಹಾಕಿ, ಹುಡುಗಿಯರ ಕಡೆ ಮುಖ ಮಾಡಿಸಿ ಬೆಂಚಿನ ಮೇಲೆ ನಿಲ್ಲಿಸಿದರು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನ ಹೆಸರು 'ಕರುಳು'. ಅಂದೇ ಸೇಡಿನ ಸಂಕಲ್ಪ ಮಾಡಿದೆ. ಲ್ಯಾಬ್ ಟೆಕ್ನಿಷಿಯನ್ ಆದದ್ದು ಅದಕ್ಕೇ ಎಂದರೆ ಹೆಂಡತಿ ನಂಬುವುದಿಲ್ಲ.

ಇಪ್ಪತ್ತೆರಡು ವರ್ಷ ಕಾದೆ. ಒಂದು ಬೆಳಿಗ್ಗೆ ಮೇಷ್ಟ್ರು ಕುಂಟುತ್ತ ಬಂದರು. ಅಂಗಾಲಿನ ಹುಣ್ಣು ಎರಡು ತಿಂಗಳಿಂದ ಮಾದಿರಲಿಲ್ಲ. ಸಕ್ಕರೆ ಇಳಿಯದಿದ್ದರೆ ಪಾದ ತೆಗೆಯಬೇಕಾದೀತೆಂದು ಡಾಕ್ಟರು ಎರಡು ಪರೀಕ್ಷೆ ಬರೆದಿದ್ದರು. ನನ್ನ ಗುರುತು ಅವರಿಗೆ ಸಿಗಲಿಲ್ಲ.

"ಬರೀ ಖಾಲಿ ಹೊಟ್ಟೇದು ಮಾಡಪ್ಪ. ಮೂರು ದಿನದಿಂದ ಮಜ್ಜಿಗೆ, ಸೌತೆಕಾಯಿ ಬಿಟ್ಟು ಏನೂ ಮುಟ್ಟಿಲ್ಲ. ಇನ್ನೊಂದು ಬ್ಯಾಡ ಬುಡು. ಇನ್ನೊಂದ್ಸಲ ಸೂಜಿ ಚುಚ್ಕೊಳ್ಳೋದು ತಪ್ಲಿ."

ಪರೀಕ್ಷೆಯ ಹಿಂದಿನ ದಿನ ಮಾತ್ರ ಪುಸ್ತಕ ತೆರೆಯುವವರ ಮೇಲೆ ಹರಿಹಾಯುತ್ತಿದ್ದವರು ಇದೇ ಮಹನೀಯರು.

ಎರಡನ್ನೂ ಮಾಡಿದೆ. ಖಾಲಿ ಹೊಟ್ಟೆಯದು ನೂರ ಇಪ್ಪತ್ತೆಂಟು. "ಪಾಸಲ್ವಾ!" ಎಂದು ಬೀಗಿದರು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಇನ್ನೊಂದು ಪರೀಕ್ಷೆ ಏಳರ ಆಸುಪಾಸಿನಲ್ಲಿರಬೇಕು, ಒಂಬತ್ತೂವರೆ ಬಂದಿತ್ತು. ಕಾದು ಕುಳಿತವರೆಲ್ಲ ಕೇಳುವಂತೆ ಅಂದೆ:

"ಮೇಷ್ಟ್ರೇ, ಕೆಂಪು ರಕ್ತಕಣದ ಆಯಸ್ಸೆಷ್ಟು?"

ಕೊಕ್ಕೆ ಬೆರಳು ತಾನಾಗಿ ಮೇಲೆದ್ದಿತು. "ನೂರಿಪ್ಪತ್ತು ದಿನ."

"ಅಷ್ಟು ದಿನ ನೀವು ತಿಂದ ದಿಲ್‌ಪಸಂದಿನ ಸಕ್ರೆಯೆಲ್ಲ ಅದಕ್ಕೆ ಅಂಟ್ಕೊಂಡದೆ ಸಾ. ಮೂರು ದಿನದ ಮಜ್ಜಿಗೆಗೆಲ್ಲ ಬಿಡಕಿಲ್ಲ. ಡಾಕ್ಟ್ರಿಗೆ ನಾನೇ ಫೋನ್ ಮಾಡ್ತೀನಿ."

ಯಾರೋ ಕಿಸಕ್ಕೆಂದರು. ನನಗೆ ಹಬ್ಬ. ಮೇಷ್ಟ್ರ ಕೊಕ್ಕೆ ಬೆರಳು ನನ್ನ ಹೊಟ್ಟೆಯತ್ತ ತಿರುಗಿತು.

"ನೀನು ಕರುಳಲ್ವೇನ್ಲಾ?"

ಮರುದಿನವೇ ಇನ್ಸುಲಿನ್ ಶುರುವಾಯಿತು. ಅಷ್ಟಕ್ಕೆ ತೀರುವ ಸೇಡಲ್ಲ ನನ್ನದು. ಮೂರು ಮೂರು ತಿಂಗಳಿಗೆ ನಾನೇ ಫೋನ್ ಮಾಡಿ ಕರೆಸಿ ಚುಚ್ಚಿದೆ, ಒಂಬತ್ತು ವರ್ಷ.

"ಇನ್ನೂ ತೀರ್ಲಿಲ್ವೇನ್ಲಾ ನಿನ್ ಸಿಟ್ಟು?" ಎನ್ನುತ್ತ ತೋಳು ಚಾಚುತ್ತಿದ್ದರು.

"ಎಲ್ ತೀರ್ತದೆ ಸಾ. ಮುಷ್ಟಿ ಬಿಗಿ ಇಡ್ಕೊಳ್ಳಿ."

ಹೋದ ವರ್ಷ ತೀರಿಕೊಂಡರು. ಎಂಬತ್ತೊಂದು ವರ್ಷವಾಗಿತ್ತು. ಪಾದಗಳೆರಡೂ ಇದ್ದವು.