ಅಣ್ಣಮ್ಮನ ತೊಡೆಯ ಉರಿ, ನಾಲ್ಕು ತಾಲ್ಲೂಕಿನ ತಿರುಗಾಟ

ಆಗಷ್ಟೇ ಬೆಳಕು ಹರಿಯುತ್ತಿದೆ. ಪಾಂಡವಪುರದಾಚೆಯ ನಾಲೆ ಏರಿಯ ಮೇಲೆ ಗೂಡ್ಸ್ ಆಟೊವೊಂದು ಬಂದು ನಿಲ್ಲುತ್ತದೆ. ಹಿಂದಿನಿಂದ ನಾಟಿ ಹೆಂಗಸರು ಒಬ್ಬೊಬ್ಬರಾಗಿ ಧುಮುಕುತ್ತಾರೆ. ಕೊನೆಯವರಾದ ಅಣ್ಣಮ್ಮ ಮಾತ್ರ ಧುಮುಕುವುದಿಲ್ಲ. ಎಡತೊಡೆಗೆ ಸೀರೆ ತಾಗದಂತೆ ಬೆರಳ ತುದಿಯಲ್ಲಿ ಎತ್ತಿ ಹಿಡಿದು, ನಿಧಾನಕ್ಕೆ ಕಾಲು ಕೆಳಗಿಡುತ್ತಾರೆ. ನೆಲ ಸಿಕ್ಕಿದ್ದೇ ತಡ, ಬಾಯಿ ಶುರು.

"ಬುತ್ತಿ ಬ್ಯಾಗ್ ಆಮ್ಯಾಕ್ ನೋಡ್ಕಳ್ರಮ್ಮಿ, ಮೊದ್ಲು ಪೈರು ಕೀಳ್ರಿ. ಬಿಸ್ಲು ಬಂದ್ಮೇಲೆ ಅಯ್ಯಪ್ಪೋ ಅಂತ ಬದೀನ್ ಮ್ಯಾಲೆ ಕುಂತ್ಕಂಡ್ರೆ ನಾನ್ ಸುಮ್ಕಿರಕಿಲ್ಲ!"

ಐವತ್ತು ದಾಟಿದ ಅಣ್ಣಮ್ಮ ಈ ನಾಟಿ ಗುಂಪಿನ ಮುಂದಾಳು. ಯಾರ ಗದ್ದೆ ಇವತ್ತು, ಯಾರದು ನಾಳೆ ಎಂದು ಹೇಳುವವರು ಅವರೇ. ಸಾಲಿನ ತುದಿಯಲ್ಲಿ ಮೊದಲ ಪೈರು ಊರುವವರೂ ಅವರೇ. ಅವರ ಕೈ ಎಷ್ಟು ಬೇಗ ಹೋಗುತ್ತದೋ ಉಳಿದವರ ಕೈ ಅಷ್ಟು ಬೇಗ ಹೋಗುತ್ತದೆ. ಅವರು ಕೂತರೆ ಗುಂಪು ಕೂತಂತೆ. ಬಾಡಿಗೆಯ ನಾಟಿ ಯಂತ್ರ ಆಗಲೇ ಪಕ್ಕದೂರಿಗೆ ಬಂದಾಗಿದೆ. ಒಂದು ಹಂಗಾಮು ಈ ಗುಂಪು ಗದ್ದೆಗೆ ಇಳಿಯಲಿಲ್ಲವೆಂದರೆ ಮರುವರ್ಷ ಇವರನ್ನು ಕರೆಯುವವರಿಲ್ಲ. ಇಂಥ ಹೆಂಗಸಿನ ಎಡತೊಡೆಯ ಹೊರಮಗ್ಗುಲಿಗೆ ನಾಲ್ಕು ವರ್ಷದ ಹಿಂದೆ ಉರಿ ಹತ್ತಿಕೊಂಡಿತು. ಆ ಕತೆ ಬರೆದುಕೊಳ್ಳಲೆಂದೇ ನಾನು ಇಲ್ಲಿಗೆ ಬಂದಿದ್ದೇನೆ.

"ಎಂಗೆ ಏಳದವ್ವ? ಒಣಮೆಣಸಿನಕಾಯಿ ಅರ್ದು ಮೆತ್ತಿದಂಗೆ. ಅಂಗೈ ಅಗ್ಲ ಜಾಗ, ಅಷ್ಟೇಯ. ಮ್ಯಾಲೆ ಮುಟ್ಟಿದ್ರೆ ಜೋಮು, ಒಳಗೆ ಬೆಂಕಿ. ಸೀರೆ ತಾಕಂಗಿಲ್ಲ, ಎಡಮಗ್ಗುಲಾಗಂಗಿಲ್ಲ. ಗಾಯ ಇಲ್ಲ, ಬಾವು ಇಲ್ಲ. ಯಾರ್ಗ್ ತೋರ್ಸಿದ್ರೂ, ಎಲ್ಲೈತೆ, ಏನೂ ಕಾಣಕಿಲ್ವಲ್ಲ ಅನ್ನೋರು. ಕಂಡಿದ್ರೆ ನಾನೇ ಕಿತ್ತು ಎಸೀತಿದ್ನಲ್ಲ!"

ಕಾಣದ ನೋವಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅದಕ್ಕೆ ಮದ್ದು ಹೇಳುವವರು ಮಾತ್ರ ಬೀದಿಗೊಬ್ಬರು. ಸರ್ಪಸುತ್ತು ಎಂದರು ಊರಿನವರು. ಒಂದು ಗುಳ್ಳೆಯೂ ಏಳಲಿಲ್ಲ. ಬಿಂಡಿಗನವಿಲೆ ಕಡೆ ಎಣ್ಣೆ ಹಾಕಿ ತಿಕ್ಕುವವರೊಬ್ಬರಿದ್ದಾರೆ ಎಂದು ಯಾರೋ ಹೇಳಿದ್ದಕ್ಕೆ ನಾಗಮಂಗಲಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದರು. ಆತ ತಿಕ್ಕಿದ ತಿಕ್ಕಿಗೆ ವಾರಗಟ್ಟಲೆ ನಡೆಯಲಾಗಲಿಲ್ಲ. ಕೆ.ಆರ್.ಪೇಟೆಯ ಡಾಕ್ಟರೊಬ್ಬರು ಮಂಡಿ ಸವೆದಿದೆ ಎಂದು ಮಂಡಿಗೆ ಸೂಜಿ ಚುಚ್ಚಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ.

ಕೊನೆಗೆ ಶ್ರೀರಂಗಪಟ್ಟಣದ ಒಂದು ನರ್ಸಿಂಗ್ ಹೋಮು. ಅಲ್ಲಿ ಸ್ಕ್ಯಾನಿಂಗ್ ಆಯಿತು, ಬೆನ್ನುಮೂಳೆಯ ಚಿತ್ರ ಬಂತು. ಕೆಸರಿನಲ್ಲಿ ಬಗ್ಗಿ ಬದುಕಿದ ಹೆಂಗಸಿನ ಬೆನ್ನಿನಲ್ಲಿ ಏನಾದರೊಂದು ಸಿಕ್ಕೇ ಸಿಗುತ್ತದೆ. ಸಿಕ್ಕಿತು. ಬೆನ್ನಿನ ನರ ಒತ್ತಿದೆ ಎಂದರು, ಸೊಂಟಕ್ಕೆ ಅಗಲದ ಬೆಲ್ಟು ಕೊಟ್ಟರು.

"ಬೆಲ್ಟ್ ಹಾಕ್ದಷ್ಟೂ ಉರಿ ಜಾಸ್ತಿ ಆಯ್ತದೆ ಸಾ ಅಂದೆ. ಸರ್ಯಾಗ್ ಕಟ್ತಿಲ್ಲ ನೀನು, ಇನ್ನೂ ಬಿಗಿಯಾಗ್ ಕಟ್ಟು ಅಂದ್ಬುಟ್ರು. ನಾನು ಪೆದ್ದಿ, ಉಸ್ರು ಕಟ್ಟೋ ಅಂಗೆ ಬಿಗುದ್ಬುಟ್ಟೆ."

ಇಲ್ಲಿ ಒಂದು ವಿಷಯ ಹೇಳಬೇಕು. ಈ ಭಾಗದ ನಾಟಿ ಹೆಂಗಸರು ಗದ್ದೆಗೆ ಇಳಿಯುವ ಮುಂಚೆ ನಡು ಕಟ್ಟುತ್ತಾರೆ. ಹಳೇ ಸೀರೆಯ ಪಟ್ಟಿಯೊಂದನ್ನು ಕಿಬ್ಬೊಟ್ಟೆಯ ಕೆಳಗೆ, ಸೊಂಟದ ಮೂಳೆಗಳ ಮೇಲೆ ಸುತ್ತಿ, ಎಡಕ್ಕೆ ಗಂಟು ಹಾಕಿ, ಆ ಗಂಟಿನೊಳಗೆ ಎಲೆಅಡಿಕೆ ಚೀಲ ಸಿಕ್ಕಿಸುತ್ತಾರೆ. ಸೀರೆ ಕೆಸರಿಗೆ ಇಳಿಯುವುದಿಲ್ಲ, ಬೆನ್ನಿಗೂ ಆಸರೆ. ಬಿಗಿದಷ್ಟೂ ಗಟ್ಟಿಗಿತ್ತಿ, ಸಡಿಲ ಕಟ್ಟಿದವಳು ಸೋಮಾರಿ. ಅಣ್ಣಮ್ಮನಿಗೆ ಇದನ್ನು ಕಲಿಸಿದ್ದು ಅವರ ಅತ್ತೆ. ಈಗ ಅದರ ಮೇಲೆ ಆಸ್ಪತ್ರೆಯ ಬೆಲ್ಟೂ ಬಂತು. ಗಾಯದ ಮೇಲೆ ಬರೆ ಎಳೆಯುವುದು ಎಂದರೆ ಇನ್ನೇನು? ಇಷ್ಟು ಜನ ಇಷ್ಟು ಕಡೆ ನೋಡಿದರಲ್ಲ, ನೀನು ಏನು ಕೆಲಸ ಮಾಡುತ್ತೀಯವ್ವ, ಹೇಗೆ ಮಾಡುತ್ತೀ ಎಂದು ಒಬ್ಬರಾದರೂ ಕೇಳಬಾರದಿತ್ತೇ? ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ.

ಮನೆಯಲ್ಲಿ ಗಂಡ ಕರಿಯಪ್ಪನವರದು ಇನ್ನೊಂದು ರಾಗ. "ಆಸ್ಪತ್ರೆ ತಿರುಗ್ತಾ ತಿರುಗ್ತಾ ಇವ್ಳಿಗೆ ಬಸ್ಸಿನೋರೆಲ್ಲ ನೆಂಟ್ರಾಗೋದ್ರು ಕಣವ್ವ," ಎಂದು ನಗುತ್ತಾರೆ. ಅಣ್ಣಮ್ಮ ನಗುವುದಿಲ್ಲ. "ನಿಂಗ್ ಬಂದಿದ್ರೆ ಊರೇ ಎದ್ ಕುಂತ್ಕಳೋದು, ಬುಡು," ಎನ್ನುತ್ತಾರೆ.

ಮಗಳು ತನುಶ್ರೀಯನ್ನು ಅಕ್ಕಿಹೆಬ್ಬಾಳಿಗೆ ಕೊಟ್ಟಿದೆ. ಹೋದ ವರ್ಷ ಅಲ್ಲಿಗೆ ಹೋದಾಗ ಊರ ಶಾಲೆಯಲ್ಲಿ ಕೈಕಾಲು ನೋವಿನವರಿಗೆ ಶಿಬಿರವಿತ್ತು. ಮಗಳು ಬಲವಂತವಾಗಿ ಎಳೆದೊಯ್ದಳು. ಅಲ್ಲಿದ್ದ ಮಾನಸ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಸ್ಕ್ಯಾನಿಂಗ್ ಚಿತ್ರವನ್ನು ಪಕ್ಕಕ್ಕಿಟ್ಟು, "ಗದ್ದೆಗೆ ಇಳಿಯುವಾಗ ಹೇಗಿರ್ತೀರಿ, ತೋರಿಸಿ ಅಮ್ಮ," ಎಂದರಂತೆ. ಇದೇನು ಆಟವೋ ಎಂದು ಅಣ್ಣಮ್ಮನಿಗೆ ರೇಗಿತು. ರೇಗಿದ ಕೈಯಲ್ಲೇ ತನುಶ್ರೀಯ ವೇಲು ಕಿತ್ತುಕೊಂಡು ನಡು ಕಟ್ಟಿ ತೋರಿಸಿದರು. ಗಂಟು ಬಿದ್ದ ಜಾಗದ ಮೇಲೆ ಡಾಕ್ಟರು ಒಂದು ಬೆರಳಿಟ್ಟು ಒತ್ತಿದರು.

"ಅವ್ವೋ ಅಂತ ಕಿರುಚ್ಬುಟ್ಟೆ. ಬೆಳ್ಳು ಇಟ್ಟಿದ್ದು ಸೊಂಟ್ದಾಗೆ, ಉರಿ ಓಡಿದ್ದು ತೊಡೇಗೆ."

ಚರ್ಮದ ಸ್ಪರ್ಶವನ್ನು ಹೊರುವ ನರವೊಂದು ಸೊಂಟದ ಮೂಳೆಯ ಮುಂತುದಿಯ ಪಕ್ಕದಲ್ಲೇ ಹಾದು ತೊಡೆಗೆ ಇಳಿಯುತ್ತದೆ. ಅದನ್ನು ವರ್ಷಗಟ್ಟಲೆ ಅದುಮಿಟ್ಟರೆ ಹೀಗೆ ಉರಿಯುತ್ತದೆ, ಜೋಮು ಹಿಡಿಯುತ್ತದೆ. ಕಾಯಿಲೆಗೆ ನಾಲಿಗೆ ಹೊರಳದ ಹೆಸರೊಂದಿದೆ. ಮದ್ದು ಮಾತ್ರ ಸುಲಭ. ಗಂಟು ಸಡಿಲಿಸಬೇಕು, ಬೆಲ್ಟು ಬಿಡಬೇಕು, ಒಂದಷ್ಟು ದಿನ ಮಾತ್ರೆ ನುಂಗಬೇಕು, ತಾಳ್ಮೆ ಬೇಕು.

ಅಣ್ಣಮ್ಮ ಖುಷಿಪಟ್ಟರು ಎಂದುಕೊಂಡರೆ ತಪ್ಪು. ಸಿಟ್ಟಾದರು. "ಮೂರೊರ್ಸ ನಾಲ್ಕ್ ತಾಲ್ಲೂಕು ತಿರುಗಿ ಕೊನೆಗೆ ಈ ಬಟ್ಟೆ ತುಂಡಾ ಅಂತ! ನಂಬ್ಕೆ ಬರ್ನಿಲ್ಲ. ಸಡ್ಲ ಕಟ್ಕಂಡು ಎಂಗವ್ವ ಮುಂದಾಳಾಗ್ ನಿಂತ್ಕಳದು? ನಗ್ತಿರ್ಲಿಲ್ವಾ ಇವ್ರೆಲ್ಲ?" ಮಾತ್ರೆ ನುಂಗಿದರು, ಗಂಟು ಬಿಡಲಿಲ್ಲ. ಈ ಹಟಕ್ಕೆ ನಾನೇನು ಹೇಳಲಿ? ಆ ಹಂಗಾಮಿನಲ್ಲೇ ಒಂದು ದಿನ, ಅರ್ಧ ಗದ್ದೆ ಬಾಕಿ ಇರುವಾಗ, ಉರಿ ತಾಳಲಾಗದೆ ಬದುವಿನ ಮೇಲೆ ಹೋಗಿ ಕೂತರು. ಗದ್ದೆಗೆ ಇಳಿದ ಮೇಲೆ ಹಾಗೆ ಕೂತದ್ದು ಅದೇ ಮೊದಲು. ಹಿಂದೆಯೇ ಎಲ್ಲರ ಕೈಯೂ ನಿಂತಿತು. ಅವತ್ತು ಮನೆಗೆ ಬಂದವರೇ ನಡುಕಟ್ಟನ್ನು ಬಿಚ್ಚಿ ಮೂಲೆಗೆ ಎಸೆದರು.

ಈಗ ಉರಿ ಬಹುಪಾಲು ಇಳಿದಿದೆ. ಜೋಮು ಉಳಿದಿದೆ, ಸೀರೆ ಎತ್ತಿ ಹಿಡಿಯುವ ಅಭ್ಯಾಸವೂ ಉಳಿದಿದೆ. ಎಡಮಗ್ಗುಲಲ್ಲಿ ನಿದ್ದೆ ಬರುತ್ತದೆ. ಸೀರೆಯನ್ನು ಲಂಗದ ಅಗಲ ಪಟ್ಟಿಯೊಳಗೆ ಸಿಕ್ಕಿಸಿಕೊಂಡು ಗದ್ದೆಗೆ ಇಳಿಯುತ್ತಾರೆ. ನಡು ಯಾಕೆ ಕಟ್ಟುತ್ತಿಲ್ಲ ಎಂದ ಉಳಿದವರಿಗೆ ಮೈಯಲ್ಲಿ ಹುಷಾರಿಲ್ಲ ಎಂದಷ್ಟೇ ಹೇಳಿದ್ದಾರಂತೆ.

ಬಿಸಿಲು ಏರಿದೆ. ನಾನು ಬದುವಿನ ಮೇಲೆ ಕೂತು ಕೇಳುತ್ತಿದ್ದೇನೆ, ಅಣ್ಣಮ್ಮ ಪೈರು ಊರುತ್ತಲೇ ಉತ್ತರಿಸುತ್ತಿದ್ದಾರೆ. ಸಾಲಿನ ನಡುವೆ ಚೈತ್ರ ಎಂಬಾಕೆ, ಮದುವೆಯಾಗಿ ಬಂದ ಮೇಲೆ ಇವರ ಕೈಕೆಳಗೇ ನಾಟಿ ಕಲಿತವಳು, ಸೆಟೆದು ನಿಂತು ಎಡತೊಡೆಯನ್ನು ಪಟಪಟ ಹೊಡೆದುಕೊಳ್ಳುತ್ತಾಳೆ. ಅಣ್ಣಮ್ಮನ ಕೈ ನಿಲ್ಲುತ್ತದೆ.

"ಏನಮ್ಮಿ ಅದು?"

"ಏನಿಲ್ಲ ಕಣತ್ತೆ. ಜೋಮು."

"ಉರೀತದಾ?"

ಚೈತ್ರ ತಲೆ ತಗ್ಗಿಸುತ್ತಾಳೆ. "ಹೋದ್ ನಾಟೀಲಿಂದ."

"ಬಾಯಿರ್ಲಿಲ್ವಾ ನಿಂಗೆ? ಏಳಕ್ಕೇನಾಗಿತ್ತು?"

"ನೀವೂ ಅಲ್ಲೇ ತಿಕ್ಕೊತಿದ್ರಲ್ಲತ್ತೆ. ನಾಟಿ ಮಾಡೋರ್ಗೆಲ್ಲ ಇಂಗೇ ಆಯ್ತದೇನೋ ಅಂದ್ಕಂಡೆ."

ಅಣ್ಣಮ್ಮ ಕೈಯಲ್ಲಿದ್ದ ಪೈರಿನ ಕಟ್ಟನ್ನು ಕೆಸರಿಗೆ ಬಿಟ್ಟು, ಹೋಗಿ ಚೈತ್ರಳ ಗಂಟನ್ನು ಕಿತ್ತು ಬಿಚ್ಚುತ್ತಾರೆ. ಅವಳ ಪಕ್ಕದವಳದ್ದು, ಅವಳಾಚೆಯವಳದ್ದು. ಒಬ್ಬಳು ನಾಚಿಕೊಂಡು ನಗುತ್ತಾಳೆ, ಇನ್ನೊಬ್ಬಳು "ಬ್ಯಾಡಿ ಅತ್ತೆ, ಸೊಂಟ ಬಿದ್ದೋಯ್ತದೆ" ಎಂದು ಕೈ ಅಡ್ಡ ಹಿಡಿಯುತ್ತಾಳೆ. ಎಲ್ಲರಿಗೂ ಬೈಗುಳ ಸಮನಾಗಿ ಸಿಗುತ್ತದೆ. ಆಚೆ ಬದುವಿನಿಂದ ಗದ್ದೆಯವರು ಕೂಗುತ್ತಾರೆ: "ಅಣ್ಣಮ್ಮೋರೇ, ನಾಟಿ ನಿಂತೋಯ್ತಲ್ಲ!"

"ನಿಂತ್ಕಳ್ಲಿ ವಸಿ!" ಎಂದು ಅಣ್ಣಮ್ಮ ತಿರುಗಿ ಕೂಗುತ್ತಾರೆ. ನಿಮಗೆ ಇನ್ನೇನು ಆಸೆಯಿದೆ ಎಂಬ ನನ್ನ ಕೊನೆಯ ಪ್ರಶ್ನೆ ಹಾಗೇ ಉಳಿದಿದೆ. ಅದನ್ನೇ ಮತ್ತೆ ಕೇಳುತ್ತೇನೆ. ಅವರು ನನ್ನತ್ತ ನೋಡುವುದೂ ಇಲ್ಲ. ಕೆಸರುಗೈಯಲ್ಲಿ ಇನ್ನೊಂದು ಗಂಟಿನ ಜತೆ ಗುದ್ದಾಡುತ್ತಿದ್ದಾರೆ.

"ನಂದೆಂಗೋ ಆಯ್ತು ಬುಡವ್ವ. ಇವ್ರಿಗೆಲ್ಲ ಬಿಗಿಯಾಗ್ ಕಟ್ಟು ಅಂತ ಬೈದು ಕಲ್ಸಿದ್ದೋಳು ನಾನೇಯ. ಈಗ ಬಿಚ್ಸೋದೂ ನನ್ ಕೆಲ್ಸಾನೇ."