ಅಮ್ಮನ ಅಂಗಾಲಿನ ಗಾರೆಪುಡಿ

ಮೂರು ವರ್ಷದ ಹಿಂದೆ, ಆಗಸ್ಟ್‌ನ ಒಂದು ಶನಿವಾರ ಬೆಳಿಗ್ಗೆ, ಡೆಟ್ರಾಯ್ಟ್ ಹತ್ತಿರದ ಒಂದು ಹಳೆಯ ಚರ್ಚಿನೊಳಗೆ, ಬಲಸಾಲಿನ ಎರಡನೆಯ ಕಂಬಕ್ಕೆ ಅಂಗೈ ಊರಿ ನಾನು ನಿಂತಿದ್ದೆ. ಮಗಳನ್ನು ಕಾಲೇಜಿಗೆ ಬಿಡಲು ನಾವಿರುವ ವುಡ್‌ರಿಡ್ಜ್‌ನಿಂದ ಹೊರಟಿದ್ದೆವು. ಮೈಸೂರಿನಿಂದ ಬಂದಿದ್ದ ಅಮ್ಮ, ದಾರಿಯಲ್ಲೊಂದು ಮೇರಿಯಮ್ಮನ ಯಾತ್ರಾಸ್ಥಳ ಇದೆಯೆಂದು ಕೇಳಿ, ನೋಡಲೇಬೇಕು ಎಂದಿದ್ದಳು.

ಅಮೃತಶಿಲೆಯಂತೆ ಕಾಣುತ್ತಿದ್ದ ಕಂಬ ತಣ್ಣಗಿರಲಿಲ್ಲ. ಯಾಕೆಂದು ಚರ್ಚು ತೋರಿಸುತ್ತಿದ್ದ ವೃದ್ಧೆಯನ್ನು ಕೇಳಿದೆ. ಅವರು ನಕ್ಕರು. ಯುರೋಪಿನಿಂದ ಕಾರಿನ ಕಾರ್ಖಾನೆಗಳಿಗೆ ಬಂದವರು ಮೊದಲು ಇಲ್ಲಿ ಮರದ ಪುಟ್ಟ ಚರ್ಚು ಕಟ್ಟಿ, ಊರಿಂದ ತಂದ ಮೇರಿಯ ಚಿತ್ರ ಇಟ್ಟರಂತೆ. ಯಾತ್ರಿಕರು ಹೆಚ್ಚಿದಾಗ, ತಮ್ಮೂರಿನ ಬರೋಕ್ ಚರ್ಚಿನಂಥದ್ದೇ ಬೇಕೆಂದರು: ಹೊನ್ನಿನ ಅಂಚು, ಚಾವಣಿಯ ತುಂಬ ದೇವದೂತರು. ಅಮೃತಶಿಲೆ ಕೈಗೆಟುಕಲಿಲ್ಲ. ಇಟ್ಟಿಗೆಗೆ ಗಾರೆ ಬಳಿದು ಮೇಲೆ ಕಲ್ಲಿನ ಗೆರೆ ಬರೆದರು.

"ಮೇಲಿನ ಕಮಾನೂ ಕಲ್ಲಲ್ಲ. ಮರದ ಪಟ್ಟಿಗಳಿಗೆ ಹಿಡಿಸಿದ ಗಾರೆ. ನಮ್ಮ ತಾತ ಮೆತ್ತಿದ್ದು," ಎಂದರು. ಒಮ್ಮೆ ಸೂರು ಸೋರಿದಾಗ ತೇಪೆ ಹಾಕಿದ್ದೂ ಉಂಟಂತೆ. ಮಧ್ಯಾಹ್ನ ಬಸ್ಸುಗಳಲ್ಲಿ ಯಾತ್ರಿಕರು ಬರುವವರಿದ್ದರು.

ಅಷ್ಟರಲ್ಲಿ ಅಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಹೊರಟಿದ್ದಳು.

"ಅಜ್ಜಿ, ಇಟ್ಸ್ ನಾಟ್ ಎ ಟೆಂಪಲ್!" ಮಗಳು ಪಿಸುಗುಟ್ಟಿದಳು.

"ನೀ ಸುಮ್ನಿರೇ. ಅಮ್ಮನೋರು ಅಂದ್ಮೇಲೆ ಸುತ್ತು ಹಾಕ್ಬೇಕು."

ಸುತ್ತಿ ಬಂದು ಮುಂದಿನ ಬೆಂಚಿನಲ್ಲಿ ಕುಳಿತು, ಕಾಲೆತ್ತಿ ನೋಡಿಕೊಂಡಳು. "ಏನೋ ಇದು, ಅಂಗಾಲೆಲ್ಲ ಬೆಳ್ಳಗಾಗಿದೆ! ಇಲ್ಲಿ ಕಸ ಗುಡಿಸಲ್ವೇನೋ?"

ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು. "ಬೆಳಿಗ್ಗೆ ನಾನೇ ಗುಡಿಸಿದ್ದೇನೆ," ಎಂದ ವೃದ್ಧೆ, ಥಟ್ಟನೆ ತಲೆಯೆತ್ತಿ ಚಾವಣಿ ನೋಡಿದರು. ಅಮ್ಮನ ತಲೆಯ ನೇರಕ್ಕೆ, ದೇವದೂತನ ರೆಕ್ಕೆಯಲ್ಲಿ, ಕೂದಲೆಳೆಯಷ್ಟು ಬಿರುಕು.

"ಏಳಮ್ಮ."

"ಈಗ ತಾನೇ ಕೂತಿದೀನಿ ಕಣೋ. ಮಂಡಿ ನೋವು."

ಮಗಳು ಕೈ ಹಿಡಿದು ಎಳೆದಳು. ನಾವು ಬಾಗಿಲ ಹತ್ತಿರ ಬಂದಿದ್ದೆವು. ಸದ್ದು ಮೊದಲೋ ಧೂಳು ಮೊದಲೋ, ಹೇಳಲಾರೆ. ಚಾವಣಿಯ ಗಾರೆ ಕಳಚಿ ಬಿದ್ದು, ಅಮ್ಮ ಕುಳಿತಿದ್ದ ಬೆಂಚಿನ ಒರಗು ಮುರಿದಿತ್ತು. ಮೇಲೆ ಮರದ ಪಟ್ಟಿಗಳು ಕಾಣುತ್ತಿದ್ದವು.

ವೃದ್ಧೆ ಬಾಗಿಲಿಗೆ ಬೀಗ ಹಾಕಿ, ಬರುವ ಬಸ್ಸುಗಳನ್ನು ತಡೆಯಲು ಮೆಟ್ಟಿಲ ಮೇಲೆ ಕುಳಿತರು. "ಬಿದ್ದದ್ದು ತೇಪೆ. ತಾತನದ್ದಲ್ಲ," ಎಂದು ಎರಡೆರಡು ಸಲ ಹೇಳಿದರು. ಯಾವುದು ಬಿತ್ತೋ, ನನಗೆ ಗೊತ್ತಿಲ್ಲ.

ಈಗಲೂ ಎಲ್ಲಿಗೆ ಹೋದರೂ ಮೊದಲು ಚಾವಣಿ ನೋಡುತ್ತೇನೆ. ಪ್ಲೇನ್‌ಫೀಲ್ಡ್‌ನ ಸ್ನೇಹಿತರ ಮನೆಯ ಪೂಜೆಯಲ್ಲೂ ಕುಳಿತಲ್ಲಿ ಕೂರಲಾಗದೆ ಜಾಗ ಬದಲಿಸುತ್ತೇನೆ. ಅಮ್ಮ ಕಳೆದ ವರ್ಷ ಮೈಸೂರಿನಲ್ಲಿ ತೀರಿಕೊಂಡಳು. ಅಂದು ಆ ಗಾರೆ ಬಿದ್ದದ್ದನ್ನು ಕಂಡವರಲ್ಲಿ, ನನ್ನನ್ನು ಬಿಟ್ಟರೆ, ಈಗ ಬದುಕಿರುವವರು ಇಬ್ಬರು: ನನ್ನ ಮಗಳು, ಮತ್ತು ಗಾರೆ ಮೆತ್ತಿದ ಆ ತಾತನ ಮೊಮ್ಮಗಳು.