ಚಿವುಟದೆ ಬಿಟ್ಟ ಕಡಲೆ

ಕೃಷಿ ಕಾಲೇಜಿನ ಮೊದಲ ವರ್ಷ ತಲೆ ತಿರುಗಿಸುತ್ತದೆ. ನನ್ನದಂತೂ ಪೂರ್ತಿ ತಿರುಗಿತ್ತು. ಜೀವಶಾಸ್ತ್ರದ ನಾಲ್ಕು ಪಾಠ ಮುಗಿದಿದ್ದವು. ಗಿಡ ಎತ್ತರಕ್ಕೆ ಬೆಳೆಯುವುದು ತುದಿಮೊಗ್ಗಿನಿಂದ ಎಂದು ಗೊತ್ತಾಗಿತ್ತು. ಅಷ್ಟನ್ನೇ ಕಟ್ಟಿಕೊಂಡು ರಜೆಗೆ ಹೊರ್ತಿ ಹತ್ತಿರದ ನಮ್ಮೂರಿಗೆ ಬಂದೆ.

ಮರುದಿನ ಬೆಳಿಗ್ಗೆ ಅವ್ವ ಕಡಲೆ ಹೊಲದಲ್ಲಿದ್ದಳು. ಗಿಡಗಳು ಗೇಣುದ್ದ ಆಗಿದ್ದವು, ಇನ್ನೂ ಹೂ ಬಿಟ್ಟಿರಲಿಲ್ಲ. ನಮ್ಮ ಕಡೆ ಆ ಹೊತ್ತಿಗೆ ಹೆಂಗಸರು ಕುಡಿ ಚಿವುಟಿ ಸೀರೆಯ ಉಡಿಗೆ ತುಂಬಿಕೊಳ್ಳುತ್ತಾರೆ. ಹಸಿಯದು ಅವತ್ತಿನ ಪಲ್ಯಕ್ಕೆ, ಮಿಕ್ಕಿದ್ದು ಒಣಗಿಸಿ ಬೇಸಿಗೆಗೆ. ಎಲೆಯ ಹುಳಿಗೆ ಬೆರಳು ಚುರುಗುಟ್ಟಿದರೂ ಯಾರೂ ನಿಲ್ಲಿಸುವುದಿಲ್ಲ. ನಾನೂ ಸಣ್ಣವಳಿದ್ದಾಗಿನಿಂದ ಚಿವುಟಿದವಳೇ. ಅವತ್ತು ಮಾತ್ರ ಬದುವಿನ ಮೇಲೆ ನಿಂತು ಉಪದೇಶ ಶುರುಮಾಡಿದೆ: ಬೆಳೆಯುವ ಜಾಗವನ್ನೇ ಕಿತ್ತರೆ ಗಿಡ ಬೆಳೆಯುವುದು ಹೇಗೆ, ಕಾಯಿ ಕಟ್ಟುವುದು ಹೇಗೆ?

ಅವ್ವ ಸೊಂಟ ನೆಟ್ಟಗೆ ಮಾಡಿ ನನ್ನನ್ನು ನೋಡಿದಳು. ಆ ತುಂಡು ಹೊಲದ ಕಡಲೆಯೇ ನಮ್ಮ ಮನೆಯ ವರ್ಷದ ಬೇಳೆ, ವರ್ಷದ ಹಿಟ್ಟು.

"ಕಲತಾಕಿ ಹೇಳಾಕತ್ತಿ, ಅರ್ಧ ಬಿಡ್ತೇನಿ. ಉಳಿದರ್ಧ ನನ್ನ ಕೈಯಾಗಿರ್ಲಿ," ಎಂದಳು.

ಗೆದ್ದೆ ಎಂದುಕೊಂಡೆ.

ಸುಗ್ಗಿಗೆ ಬಂದವಳೇ ಹೊಲಕ್ಕೆ ಓಡಿದೆ. ನನ್ನ ಅರ್ಧದ ಗಿಡಗಳು ಉದ್ದುದ್ದ ಬೆಳೆದು ವಾಲಿದ್ದವು. ಟೊಂಗೆ ಕಡಿಮೆ, ಕಾಯಿ ಇನ್ನೂ ಕಡಿಮೆ. ಅವ್ವನವು ಗಿಡ್ಡಗೆ ಬುಟ್ಟಿಯಂತೆ ಹರಡಿದ್ದವು, ಟೊಂಗೆ ಟೊಂಗೆಗೂ ಕಾಯಿ. ಆ ಸಲದ ಬೇಳೆ ವರ್ಷಪೂರ್ತಿ ಸಾಲದು ಎಂದು ನೋಡಿದರೇ ತಿಳಿಯುತ್ತಿತ್ತು. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವ್ವ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಆದರೆ ನಾಚಿಕೆಗಿಂತ ಹೆಚ್ಚು ಕಾಡಿದ್ದು, ಯಾಕೆ ಹೀಗಾಯಿತು ಎಂಬ ಪ್ರಶ್ನೆ. ಕಾಲೇಜಿಗೆ ಮರಳಿದವಳೇ ಜೀವಶಾಸ್ತ್ರದ ಮೇಡಂ ಬೆನ್ನು ಬಿದ್ದೆ. ಅದು ಮುಂದಿನ ಸೆಮಿಸ್ಟರಿನ ಪಾಠ, ನಿಮ್ಮವ್ವ ಮೊದಲೇ ಮುಗಿಸಿದ್ದಾರೆ ಎಂದು ನಕ್ಕರು. ತುದಿಮೊಗ್ಗು ಇರುವ ತನಕ ಅದರಿಂದ ಕೆಳಗಿಳಿಯುವ ಒಂದು ರಸ ಪಕ್ಕದ ಮೊಗ್ಗುಗಳನ್ನು ತಡೆದಿಡುತ್ತದಂತೆ. ತುದಿ ಹೋದರೆ ಅವು ಚಿಗುರಿ ಟೊಂಗೆಯಾಗುತ್ತವೆ, ಆ ಟೊಂಗೆಗಳಲ್ಲೇ ಹೂವು. ಅವತ್ತೇ ಫೋನಿನಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಚಿವುಟಿದರೆ ಒಳ್ಳೆಯದು ಎಂದು ಅವಳ ಅವ್ವನೂ ಹೇಳಿದ್ದಳಂತೆ, ಯಾಕೆ ಎಂದು ಮಾತ್ರ ಯಾರೂ ಹೇಳಿರಲಿಲ್ಲವಂತೆ. ನಿಂಬೆ ಗಿಡಕ್ಕೂ ಹಂಗೇ ಏನು ಎಂದು ಕೇಳಿದಳು. ಮೇಡಂ ಅವರನ್ನು ಕೇಳಿ ಹೇಳುತ್ತೇನೆ ಎಂದೆ.

ಮರುವರ್ಷ ಚಳಿಗಾಲದಲ್ಲಿ ಊರಿಗೆ ಹೋದಾಗ ಕಡಲೆ ಸಾಲುಗಳ ತುದಿಯಲ್ಲಿ ಕಡ್ಡಿ ನೆಟ್ಟು ಹಳೆ ಸೀರೆಯ ಚಿಂದಿ ಕಟ್ಟಿತ್ತು. ಅವ್ವ ಒಂದೊಂದೇ ತೋರಿಸಿದಳು.

"ಇದು ಚಿವುಟಿಲ್ಲ. ಇದು ಒಮ್ಮೆ, ಇದು ಎರಡು ಸಲ. ಎಷ್ಟು ಸಲ ಚಿವುಟಿದ್ರ ಕಾಯಿ ಹೆಚ್ಚು ಅಂತ ನಿನ್ನ ಪುಸ್ತಕದಾಗ ಐತೇನು?"

ಇರಲಿಲ್ಲ. ವರ್ಷದ ಬೇಳೆಗೆ ಕೊರತೆ ಬಿದ್ದರೂ ಸರಿ ಎಂದು ಮತ್ತೆ ಒಂದು ಸಾಲನ್ನು ಅವಳು ಚಿವುಟದೆ ಬಿಟ್ಟಿದ್ದಳು. ನಾನು ಚಪ್ಪಲಿ ಬದುವಿನ ಮೇಲೆ ಬಿಟ್ಟು, ಅವಳ ಹಿಂದೆ ಹೊಲಕ್ಕಿಳಿದೆ.